ಎಂಬಿಎ ಆದಮೇಲೆ ಕ್ರೀಡಾ ಮ್ಯಾನೇಜ್‌ಮೆಂಟ್: ಒಳಗೆ ಹೋಗುವ ದಾರಿ ಹೀಗಿದೆ

ಕ್ರೀಡಾ ಸಂಸ್ಥೆಗಳ ಇಂಟರ್‌ವ್ಯೂಗೆ ಬಂದವರಲ್ಲಿ ಹೆಚ್ಚಿನವರು ಹೇಳುವ ಮೊದಲ ಮಾತು ಒಂದೇ: "ನನಗೆ ಚಿಕ್ಕಂದಿನಿಂದಲೂ ಆಟ ಅಂದ್ರೆ ಪ್ರಾಣ." ಮಾತು ನಿಜವೇ. ಆದರೆ ಹೊರಗೆ ಕಾಯುತ್ತಿರುವ ಅಷ್ಟೂ ಜನರದ್ದು ಅದೇ ಮಾತು. ಮೇಜಿನ ಆಚೆ ಕೂತವರು ತಿಳಿಯಬೇಕೆಂದಿರುವುದು ಬೇರೆ. ಸೋಮವಾರ ಬೆಳಿಗ್ಗೆ ಇವರು ಕೆಲಸಕ್ಕೆ ಬಂದರೆ ಯಾವ ಹೊರೆ ಇವರ ಹೆಗಲಿಗೆ ಹಾಕಿ ನಾನು ನಿಶ್ಚಿಂತೆಯಿಂದ ಇರಬಹುದು?

ನಾನು ಆ ಮೇಜಿನ ಎರಡೂ ಕಡೆ ಕೂತಿದ್ದೇನೆ. ಮೊದಲ ಸಲ ಈ ಕಡೆ ಕೂತಾಗ ನನ್ನ ಹತ್ತಿರ ಇದ್ದದ್ದು ಆಟದ ಮೇಲಿನ ಪ್ರೀತಿ ಮಾತ್ರ. ಕೆಲಸ ಸಿಗಲಿಲ್ಲ. ಆ ಪ್ರೀತಿ ಬೇಕೇ ಬೇಕು, ಇಲ್ಲದಿದ್ದರೆ ಹೊತ್ತುಗೊತ್ತಿಲ್ಲದ ಈ ಕೆಲಸ ತಡೆದುಕೊಳ್ಳಲು ಆಗುವುದಿಲ್ಲ. ಆದರೆ ಒಳಗೆ ಕರೆದುಕೊಂಡು ಹೋಗುವುದು ನಿಮಗೆ ಬರುವ ಒಂದು ನಿರ್ದಿಷ್ಟ ಕೆಲಸ. ಮುಂದಿನ ಹೆಜ್ಜೆಗಳೆಲ್ಲ ಆ ಒಂದು ಕೆಲಸವನ್ನು ಹುಡುಕಿ, ಕಲಿತು, ತೋರಿಸುವುದರ ಬಗ್ಗೆಯೇ.

ಮೊದಲ ಹೆಜ್ಜೆ: ದುಡ್ಡು ಎಲ್ಲಿಂದ ಬರುತ್ತದೆ ಎಂದು ತಿಳಿಯಿರಿ

ಅಭಿಮಾನಿಯಾಗಿ ನೋಡುವಾಗ ನಮಗೆ ಕಾಣುವುದು ಸ್ಕೋರು. ಒಳಗೆ ಕೆಲಸ ಮಾಡುವವರಿಗೆ ಕಾಣುವುದು ಮೂರು ಕೊಳವೆಗಳು. ಪಂದ್ಯದ ದಿನದ ಆದಾಯ, ಅಂದರೆ ಟಿಕೆಟ್, ಊಟ-ತಿಂಡಿ, ಹಾಸ್ಪಿಟಾಲಿಟಿ ಬಾಕ್ಸ್ (ಅತಿಥಿಗಳಿಗೆ ಮೀಸಲಾದ ವಿಶೇಷ ಕೋಣೆ). ಎರಡನೆಯದು ಪ್ರಸಾರ ಹಕ್ಕು. ಮೂರನೆಯದು ವಾಣಿಜ್ಯ ಆದಾಯ, ಅಂದರೆ ಪ್ರಾಯೋಜಕರು, ಜೆರ್ಸಿ ಮಾರಾಟ, ಲೈಸೆನ್ಸಿಂಗ್ (ತಂಡದ ಹೆಸರು, ಲೋಗೋ ಬಳಸಲು ಬೇರೆಯವರಿಗೆ ಕೊಡುವ ಅನುಮತಿ).

ಈ ಮೂರರ ಪಾಲು ಆಟದಿಂದ ಆಟಕ್ಕೆ, ಲೀಗಿನಿಂದ ಲೀಗಿಗೆ ಬದಲಾಗುತ್ತದೆ. ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಅದರಲ್ಲಿ ಒಂದು ಪಾಲು ತಂಡಗಳಿಗೆ ಹಂಚಿಕೆಯಾಗುತ್ತದೆ. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗಾದ ಎನ್‌ಎಫ್‌ಎಲ್‌ನಲ್ಲೂ ರಾಷ್ಟ್ರೀಯ ಟಿವಿ ಹಣ ಎಲ್ಲ ತಂಡಗಳಿಗೂ ಸಮನಾಗಿ ಹೋಗುತ್ತದೆ. ಇಂಥ ಲೀಗಿನಲ್ಲಿ ತಂಡದ ಆಫೀಸಿನವರು ಟಿವಿ ಹಕ್ಕು ಮಾರುವುದಿಲ್ಲ, ಅದು ಲೀಗಿನ ಕೆಲಸ. ತಂಡದವರು ಮಾರಬೇಕಾದದ್ದು ತಮ್ಮ ಸೀಟು, ತಮ್ಮ ಜೆರ್ಸಿಯ ಮೇಲಿನ ಜಾಗ, ತಮ್ಮ ಆಟಗಾರರ ಸಮಯ. ಪ್ರಸಾರ ವ್ಯವಹಾರ ಇಷ್ಟ ಅನ್ನುವವರು ತಂಡಕ್ಕೆ ಅರ್ಜಿ ಹಾಕಿ ವರ್ಷ ಕಳೆಯುವುದನ್ನು ನೋಡಿದ್ದೇನೆ. ಅವರು ಹೋಗಬೇಕಾಗಿದ್ದು ಲೀಗಿನ ಆಫೀಸಿಗೆ, ಇಲ್ಲವೇ ಪ್ರಸಾರ ಸಂಸ್ಥೆಗೆ.

ಕಲಿಯಲು ಒಳ್ಳೆಯ ಪಠ್ಯ ಉಚಿತವಾಗಿಯೇ ಸಿಗುತ್ತದೆ. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ 2012ರಿಂದ ನ್ಯೂಯಾರ್ಕ್ ಷೇರುಪೇಟೆಯಲ್ಲಿದೆ. ಹಾಗಾಗಿ ಅದರ ವಾರ್ಷಿಕ ವರದಿ ಯಾರು ಬೇಕಾದರೂ ಓದಬಹುದು. ಜರ್ಮನಿಯ ಬೊರುಸಿಯಾ ಡಾರ್ಟ್‌ಮಂಡ್, ಇಟಲಿಯ ಯುವೆಂಟಸ್ ಕ್ಲಬ್ಬುಗಳು ಕೂಡ ಷೇರುಪೇಟೆಯ ಕಂಪನಿಗಳು. ಅಮೆರಿಕನ್ ಫುಟ್‌ಬಾಲ್‌ನ ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಸಾರ್ವಜನಿಕರೇ ಷೇರುದಾರರು, ಅದೂ ಪ್ರತಿವರ್ಷ ಲೆಕ್ಕ ಹೊರಗೆ ಬಿಡುತ್ತದೆ. ಒಂದು ವರದಿ ತೆಗೆದುಕೊಂಡು ಐದು ವರ್ಷದ ಅಂಕಿಗಳನ್ನು ಪಕ್ಕಪಕ್ಕ ಬರೆಯಿರಿ. ಮ್ಯಾಂಚೆಸ್ಟರ್ ಯುನೈಟೆಡ್‌ನ ಪಂದ್ಯದ ದಿನದ ಆದಾಯ 2019-20ರಲ್ಲಿ 8.98 ಕೋಟಿ ಪೌಂಡ್ ಇದ್ದದ್ದು 2020-21ರಲ್ಲಿ 71 ಲಕ್ಷ ಪೌಂಡಿಗೆ ಕುಸಿಯಿತು. ಕೋವಿಡ್ ಕಾರಣ ಗ್ಯಾಲರಿ ಖಾಲಿ ಇತ್ತು. ಆ ಒಂದು ಸಾಲನ್ನು ಗಮನವಿಟ್ಟು ಓದಿದರೆ ಕ್ಲಬ್ಬುಗಳು ಒಂದೇ ಕೊಳವೆಯನ್ನು ನಂಬಿ ಕೂರಲು ಯಾಕೆ ಹೆದರುತ್ತವೆ ಎಂಬುದು ಗೊತ್ತಾಗುತ್ತದೆ.

ಇದಕ್ಕೆ ಎರಡು ವಾರಾಂತ್ಯ ಸಾಕು. ಬಿಸಿನೆಸ್ ಸ್ಕೂಲಿನಲ್ಲಿ ಬ್ಯಾಲೆನ್ಸ್ ಶೀಟ್ ಓದಲು ಕಲಿತಿದ್ದೀರಿ ಅಲ್ವಾ? ಅದನ್ನು ಇಲ್ಲಿ ಬಳಸಿ.

ಎರಡನೆಯ ಹೆಜ್ಜೆ: ಕೆಲಸ ಕೊಡುವವರು ಯಾರು ಎಂದು ನೋಡಿ

ಎಲ್ಲರ ಕಣ್ಣೂ ತಂಡಗಳ ಮೇಲೆ. ಆದರೆ ತಂಡದ ಆಫೀಸು ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಟಿವಿಯಲ್ಲಿ ಕೋಟ್ಯಂತರ ಜನ ನೋಡುವ ತಂಡವನ್ನು ನಡೆಸುವ ಆಫೀಸಿನಲ್ಲಿ ಕೆಲವೇ ಡಜನ್ ಜನ ಇರುವುದು ಅಪರೂಪವೇನಲ್ಲ. ಅಲ್ಲಿ ಕೆಲಸ ಖಾಲಿಯಾಗುವುದೇ ಕಡಿಮೆ.

ಅದರ ಸುತ್ತ ಇರುವ ವರ್ತುಲ ದೊಡ್ಡದು. ಲೀಗುಗಳು, ಫೆಡರೇಶನ್‌ಗಳು, ಪ್ರಸಾರ ಸಂಸ್ಥೆಗಳು, ಸ್ಟೇಡಿಯಂ ನಡೆಸುವ ಕಂಪನಿಗಳು, ಟಿಕೆಟ್ ಕಂಪನಿಗಳು, ಕ್ರೀಡಾ ಮಾರ್ಕೆಟಿಂಗ್ ಏಜೆನ್ಸಿಗಳು, ಆಟದ ಸಾಮಾನು ಮಾಡುವವರು, ಡೇಟಾ ಕಂಪನಿಗಳು. ಪ್ರಾಯೋಜಕ ಕಂಪನಿಯ ಒಳಗೂ ಕ್ರೀಡಾ ವಿಭಾಗ ಇರುತ್ತದೆ ಎಂಬುದು ಅನೇಕರ ಗಮನಕ್ಕೇ ಬರುವುದಿಲ್ಲ. ಬ್ಯಾಂಕೊಂದು ಟೆನಿಸ್ ಟೂರ್ನಿಗೆ ದುಡ್ಡು ಕೊಡುತ್ತದೆ ಅಂದರೆ, ಆ ದುಡ್ಡಿಗೆ ಏನು ಸಿಕ್ಕಿತು ಎಂದು ಲೆಕ್ಕ ಕೇಳುವವರು ಬ್ಯಾಂಕಿನೊಳಗೇ ಇರುತ್ತಾರೆ. ಎಂಬಿಎ ಆದವರಿಗೆ ಆ ಬಾಗಿಲು ತಂಡದ ಬಾಗಿಲಿಗಿಂತ ಸುಲಭವಾಗಿ ತೆರೆಯುತ್ತದೆ. ಎರಡು ವರ್ಷ ಅಲ್ಲಿದ್ದು ತಂಡದ ಕಡೆ ಬರುವವರು ತುಂಬಾ ಜನ. ಪ್ರಾಯೋಜಕರು ಹೇಗೆ ಯೋಚಿಸುತ್ತಾರೆ ಎಂಬುದು ಅವರಿಗೆ ಗೊತ್ತಿರುವುದರಿಂದ ತಂಡಗಳೂ ಅವರನ್ನು ಇಷ್ಟಪಡುತ್ತವೆ.

ಅಂತರರಾಷ್ಟ್ರೀಯ ಫೆಡರೇಶನ್‌ಗಳ ಕಡೆ ಮನಸ್ಸಿದ್ದರೆ ಸ್ವಿಟ್ಜರ್ಲೆಂಡ್ ನೋಡಿ. ಒಲಿಂಪಿಕ್ ಸಮಿತಿ ಲೌಸಾನ್‌ನಲ್ಲಿದೆ, ಫಿಫಾ ಜ್ಯೂರಿಕ್‌ನಲ್ಲಿ, ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ನಿಯೋನ್‌ನಲ್ಲಿ. ಅಲ್ಲಿ ಇನ್ನೊಂದು ಭಾಷೆ, ಮುಖ್ಯವಾಗಿ ಫ್ರೆಂಚ್ ಬಂದರೆ ನಿಮ್ಮ ತೂಕ ಜಾಸ್ತಿ.

ಮಹಿಳಾ ಲೀಗುಗಳ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. 2022ರ ಏಪ್ರಿಲ್‌ನಲ್ಲಿ ಬಾರ್ಸಿಲೋನಾ ಮಹಿಳಾ ಫುಟ್‌ಬಾಲ್ ತಂಡದ ಪಂದ್ಯಕ್ಕೆ ಕ್ಯಾಂಪ್ ನೌ ಸ್ಟೇಡಿಯಂನಲ್ಲಿ 91,648 ಜನ ಸೇರಿದ್ದರು. 2023ರಲ್ಲಿ ಐದು ತಂಡಗಳೊಂದಿಗೆ ಮಹಿಳಾ ಕ್ರಿಕೆಟ್ ಲೀಗ್ ಡಬ್ಲ್ಯುಪಿಎಲ್ ಶುರುವಾಯಿತು. ಹೊಸದಾಗಿ ಕಟ್ಟುತ್ತಿರುವ ಲೀಗಿನಲ್ಲಿ ಸೇರಿದವರಿಗೆ ಮೂರು ವಿಭಾಗದ ಕೆಲಸ ಒಟ್ಟಿಗೆ ಕಲಿಯಲು ಸಿಗುತ್ತದೆ. ಹಳೆಯ ದೊಡ್ಡ ಕ್ಲಬ್ಬಿನಲ್ಲಿ ಅದೇ ಅನುಭವಕ್ಕೆ ಹಲವು ವರ್ಷ ಬೇಕು. ನನಗೆ ಈಗ ಮತ್ತೆ ಮೊದಲಿನಿಂದ ಶುರುಮಾಡುವ ಅವಕಾಶ ಸಿಕ್ಕರೆ ನಾನು ಅಲ್ಲಿಗೇ ಹೋಗುತ್ತೇನೆ.

ಮೂರನೆಯ ಹೆಜ್ಜೆ: ಒಂದೇ ಒಂದು ಕೆಲಸ ಆರಿಸಿ

"ಯಾವ ವಿಭಾಗ ಆದರೂ ಪರವಾಗಿಲ್ಲ" ಎಂದು ಹೇಳಬೇಡಿ. ಆ ಮಾತು ಕೇಳಿದವರಿಗೆ, ಇವರಿಗೆ ಯಾವುದೂ ಸರಿಯಾಗಿ ಬರುವುದಿಲ್ಲ ಎಂದು ಅನ್ನಿಸುತ್ತದೆ.

ಹೊಸಬರನ್ನು ಹೆಚ್ಚು ತೆಗೆದುಕೊಳ್ಳುವುದು ದುಡ್ಡು ತರುವ ವಿಭಾಗಗಳು. ಅಮೆರಿಕದ ತಂಡಗಳಲ್ಲಿ ಟಿಕೆಟ್ ಮಾರಾಟವೇ ಹಲವರ ಮೊದಲ ಕೆಲಸ. ಸೀಟಿನ ವ್ಯಾಪಾರ ಒಂದು ವಿಚಿತ್ರ ವ್ಯಾಪಾರ. ಪಂದ್ಯ ಶುರುವಾದ ಕ್ಷಣಕ್ಕೆ ಮಾರಾಟವಾಗದ ಸೀಟಿನ ಬೆಲೆ ಸೊನ್ನೆ, ಅದನ್ನು ಗೋದಾಮಿನಲ್ಲಿಟ್ಟು ನಾಳೆ ಮಾರಲು ಆಗುವುದಿಲ್ಲ. ಅಮೆರಿಕದ ದೊಡ್ಡ ಲೀಗಿನ ಬೇಸ್‌ಬಾಲ್ ತಂಡಕ್ಕೆ ಒಂದು ಸೀಸನ್‌ನಲ್ಲಿ ತವರಿನಲ್ಲಿ 81 ಪಂದ್ಯ, ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎ ತಂಡಕ್ಕೆ 41, ಇಂಗ್ಲೆಂಡಿನ ಫುಟ್‌ಬಾಲ್ ಪ್ರೀಮಿಯರ್ ಲೀಗ್ ಕ್ಲಬ್ಬಿಗೆ 19, ಎನ್‌ಎಫ್‌ಎಲ್ ತಂಡಕ್ಕೆ ಎಂಟೋ ಒಂಬತ್ತೋ. 81 ಸಲ ಸ್ಟೇಡಿಯಂ ತುಂಬಿಸುವುದಕ್ಕೂ 8 ಸಲ ತುಂಬಿಸುವುದಕ್ಕೂ ಬೇಕಾದ ಲೆಕ್ಕಾಚಾರವೇ ಬೇರೆ. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡ 2009ರಲ್ಲಿ ಸುಮಾರು 2,000 ಸೀಟುಗಳಿಗೆ ಬೇಡಿಕೆ ನೋಡಿ ಬೆಲೆ ಬದಲಿಸುವ ಪ್ರಯೋಗ ಮಾಡಿತು. ಮರುವರ್ಷ ಇಡೀ ಸ್ಟೇಡಿಯಂಗೆ ಅದನ್ನೇ ತಂದಿತು. ಬೆಲೆ ನಿಗದಿಯ ಪಾಠ ಇಷ್ಟಪಟ್ಟು ಓದಿದವರಿಗೆ ಈ ವಿಭಾಗ ಹೇಳಿ ಮಾಡಿಸಿದ ಹಾಗಿರುತ್ತದೆ.

ಪ್ರಾಯೋಜಕತ್ವ ಇನ್ನೊಂದು ದೊಡ್ಡ ದಾರಿ. ಇಲ್ಲಿ ಎರಡು ಥರದ ಕೆಲಸ ಇದೆ. ಒಂದು, ಪ್ರಾಯೋಜಕರನ್ನು ಹಿಡಿದು ತರುವುದು. ಇನ್ನೊಂದು, ಬಂದವರಿಗೆ ಒಪ್ಪಂದದಲ್ಲಿ ಹೇಳಿದ್ದೆಲ್ಲ ಸಿಗುವ ಹಾಗೆ ನೋಡಿಕೊಳ್ಳುವುದು. ಇದಕ್ಕೆ ಸರ್ವಿಸಿಂಗ್, ಆಕ್ಟಿವೇಶನ್ ಎಂದು ಕರೆಯುತ್ತಾರೆ. ಹೊಸಬರಿಗೆ ಎರಡನೆಯದು ಒಳ್ಳೆಯ ಶಾಲೆ. ಪ್ರಾಯೋಜಕರು ಕೊಳ್ಳುವುದು ಲೋಗೋ ಅಷ್ಟೇ ಅಲ್ಲ. ತಮ್ಮ ವ್ಯಾಪಾರದ ಪ್ರತಿಸ್ಪರ್ಧಿ ಅಲ್ಲಿ ಕಾಲಿಡಬಾರದು ಎಂಬ ಹಕ್ಕು, ಆಟಗಾರರ ಇಷ್ಟು ಗಂಟೆ, ಇಷ್ಟು ಟಿಕೆಟ್, ಅತಿಥಿಗಳಿಗೆ ಬಾಕ್ಸ್, ಮೈದಾನದಲ್ಲಿ ಮಾರುವ ಹಕ್ಕು, ಹೀಗೆ ಪಟ್ಟಿ ಉದ್ದ ಇರುತ್ತದೆ. 2022ರ ಫುಟ್‌ಬಾಲ್ ವಿಶ್ವಕಪ್ ಶುರುವಾಗಲು ಎರಡೇ ದಿನ ಇರುವಾಗ ಕತಾರ್‌ನ ಸ್ಟೇಡಿಯಂ ಆವರಣಗಳಲ್ಲಿ ಬಿಯರ್ ಮಾರಾಟ ನಿಲ್ಲಿಸುವ ತೀರ್ಮಾನ ಬಂತು. ಬಡ್‌ವೈಸರ್ ಆ ಟೂರ್ನಿಯ ಪ್ರಾಯೋಜಕ. ಆ ರಾತ್ರಿ ಎಷ್ಟು ಜನ ಒಪ್ಪಂದದ ಪುಟಗಳನ್ನು ಮುಂದಿಟ್ಟುಕೊಂಡು ಕೂತಿರಬಹುದು ಎಂದು ಯೋಚಿಸಿ. ಈ ಕೆಲಸಕ್ಕೆ ಒಪ್ಪಂದ ಓದುವ ತಾಳ್ಮೆ ಬೇಕು, ಬೈಗುಳ ಕೇಳಿಸಿಕೊಂಡು ಪರಿಹಾರ ಹುಡುಕುವ ಮನಸ್ಸೂ ಬೇಕು.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಆರಂಭದ ದಿನಗಳಲ್ಲಿ ಒಂದು ಟೂರ್ನಿಯಲ್ಲಿ ಮೈದಾನದ ಅಂಚಿನ ಬೋರ್ಡುಗಳನ್ನು ಕಟ್ಟಿಸುವ ಹೊಣೆ ನನ್ನದಾಗಿತ್ತು. ಮುಖ್ಯ ಪ್ರಾಯೋಜಕರ ಬೋರ್ಡನ್ನು ಗಣ್ಯರು ಕೂರುವ ಗ್ಯಾಲರಿಯ ಕೆಳಗೆ ಕಟ್ಟಿಸಿದೆ. ಗೌರವದ ಜಾಗ ಎಂದು ನನ್ನ ಲೆಕ್ಕ. ಆದರೆ ಮುಖ್ಯ ಕ್ಯಾಮೆರಾ ಇದ್ದದ್ದು ಅದೇ ಗ್ಯಾಲರಿಯ ಮೇಲೆ. ಕ್ಯಾಮೆರಾಗೆ ಕಾಣುವುದು ಎದುರು ದಂಡೆ. ಮೊದಲ ದಿನ ಪೂರ್ತಿ ಆ ಹೆಸರು ಪರದೆಯ ಮೇಲೆ ಬರಲೇ ಇಲ್ಲ. ಆ ರಾತ್ರಿ ಬೋರ್ಡು ಕಿತ್ತು ಎದುರಿಗೆ ಕಟ್ಟಿದೆವು. ಅವತ್ತಿನಿಂದ ಯಾವ ಮೈದಾನಕ್ಕೆ ಹೋದರೂ ಮೊದಲು ನೋಡುವುದು ಕ್ಯಾಮೆರಾ ಎಲ್ಲಿದೆ ಎಂದೇ.

ಕಾರ್ಯಾಚರಣೆ, ಅಂದರೆ ಆಪರೇಷನ್ಸ್, ಬೆನ್ನೆಲುಬಿನ ಕೆಲಸ. ತಂಡದ ಪ್ರಯಾಣ, ಹೋಟೆಲ್, ಗೇಟು, ಭದ್ರತೆ, ಅಕ್ರೆಡಿಟೇಶನ್ ಕಾರ್ಡು (ಯಾರು ಎಲ್ಲಿಗೆ ಹೋಗಬಹುದು ಎಂದು ಹೇಳುವ ಗುರುತಿನ ಚೀಟಿ). ಎಲ್ಲ ಸರಿಹೋದರೆ ಯಾರೂ ನಿಮ್ಮ ಹೆಸರು ಕೇಳುವುದಿಲ್ಲ.

ಡೇಟಾ ವಿಶ್ಲೇಷಣೆಯ ಹೆಸರು ಈಗ ಜೋರಾಗಿದೆ. 2002ರಲ್ಲಿ ಓಕ್ಲೆಂಡ್ ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡ ಕಡಿಮೆ ಸಂಬಳದ ಆಟಗಾರರನ್ನು ಅಂಕಿ-ಅಂಶ ನೋಡಿ ಆರಿಸಿ ಸತತ 20 ಪಂದ್ಯ ಗೆದ್ದ ಮೇಲೆ ಈ ಕಡೆ ಬರುವವರು ಹೆಚ್ಚಾದರು. ಎಂಐಟಿಯ ಬಿಸಿನೆಸ್ ಸ್ಕೂಲಿನಲ್ಲಿ ಎಂಬಿಎ ಮಾಡಿದ ಡ್ಯಾರಿಲ್ ಮೋರಿ 2007ರಲ್ಲಿ ಎನ್‌ಬಿಎಯ ಹ್ಯೂಸ್ಟನ್ ರಾಕೆಟ್ಸ್ ತಂಡದ ಜನರಲ್ ಮ್ಯಾನೇಜರ್, ಅಂದರೆ ಆಟಗಾರರನ್ನು ಆರಿಸಿ ತಂಡ ಕಟ್ಟುವವರು, ಆದರು. ಆದರೆ ಒಂದು ವಿಷಯ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಆಟಗಾರರನ್ನು ಆರಿಸುವ ವಿಶ್ಲೇಷಣೆಯ ಕೆಲಸಕ್ಕೆ ಸ್ಪರ್ಧಿಸುವವರು ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಸೈನ್ಸ್ ಆಳವಾಗಿ ಓದಿದವರು. ಎಂಬಿಎ ಒಂದರಿಂದಲೇ ಅಲ್ಲಿ ನಿಲ್ಲುವುದು ಕಷ್ಟ. ಅದೇ ಡೇಟಾವನ್ನು ಟಿಕೆಟ್ ಬೆಲೆಗೆ, ಅಭಿಮಾನಿಗಳ ವರ್ತನೆಗೆ, ಪ್ರಾಯೋಜಕರ ಲಾಭದ ಲೆಕ್ಕಕ್ಕೆ ಬಳಸುವ ಬಿಸಿನೆಸ್ ಅನಾಲಿಟಿಕ್ಸ್‌ನಲ್ಲಿ ನಿಮಗೆ ಜಾಗ ಇದೆ. ಎಕ್ಸೆಲ್ ಜೊತೆ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ಕಲಿತುಬಿಡಿ.

ಇನ್ನು ಆಟಗಾರರ ಏಜೆಂಟ್ ಆಗುವ ಆಸೆ. 1960ರಲ್ಲಿ ವಕೀಲ ಮಾರ್ಕ್ ಮೆಕಾರ್ಮಾಕ್, ಗಾಲ್ಫ್ ಆಟಗಾರ ಆರ್ನಾಲ್ಡ್ ಪಾಮರ್ ಜೊತೆ ಕೈಕುಲುಕಿ ಶುರುಮಾಡಿದ ವ್ಯವಹಾರವೇ ಐಎಂಜಿ ಎಂಬ ಹೆಸರಾಂತ ಕ್ರೀಡಾ ಏಜೆನ್ಸಿ. ಈಗ ಕೈಕುಲುಕಿದರೆ ಸಾಲದು. ಫುಟ್‌ಬಾಲ್ ಏಜೆಂಟ್ ಆಗಲು 2023ರಿಂದ ಫಿಫಾ ಪರೀಕ್ಷೆ ಪಾಸಾಗಬೇಕು. 20 ಬಹು ಆಯ್ಕೆಯ ಪ್ರಶ್ನೆ, ಒಂದು ಗಂಟೆ, ಪಾಸಾಗಲು ಶೇ 75. ಎನ್‌ಎಫ್‌ಎಲ್ ಆಟಗಾರರ ಸಂಘ ಸಾಮಾನ್ಯವಾಗಿ ಸ್ನಾತಕೋತ್ತರ ಅಥವಾ ಕಾನೂನು ಪದವಿಯನ್ನೂ ಕೇಳುತ್ತದೆ. ಪರೀಕ್ಷೆ ಪಾಸಾದ ಮಾತ್ರಕ್ಕೆ ಆಟಗಾರರು ಬರುವುದಿಲ್ಲ. ಒಂದು ಏಜೆನ್ಸಿಯಲ್ಲಿ ಕೆಲ ವರ್ಷ ಒಪ್ಪಂದದ ಕಾಗದಪತ್ರ ನೋಡಿಕೊಂಡಿದ್ದು ಆಮೇಲೆ ಸ್ವಂತ ಹೆಜ್ಜೆ ಇಡುವುದು ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ಇನ್ನೊಂದು ಪದವಿ ಬೇಕಾ?

ಹೆಚ್ಚಿನವರಿಗೆ ಬೇಡ.

ಕ್ರೀಡಾ ಆಡಳಿತಕ್ಕೇ ಮೀಸಲಾದ ಸ್ನಾತಕೋತ್ತರ ಕೋರ್ಸನ್ನು ಅಮೆರಿಕದ ಒಹಾಯೊ ವಿಶ್ವವಿದ್ಯಾಲಯ 1966ರಲ್ಲೇ ಶುರುಮಾಡಿತು. ಫಿಫಾ ಮಾಸ್ಟರ್ ಎಂಬ ಕೋರ್ಸ್ 2000ದಿಂದ ನಡೆಯುತ್ತಿದೆ. ಅದರಲ್ಲಿ ವಿದ್ಯಾರ್ಥಿಗಳು ಇಂಗ್ಲೆಂಡಿನ ಲೆಸ್ಟರ್, ಇಟಲಿಯ ಮಿಲಾನ್, ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಮೂರೂ ಕಡೆ ಓದುತ್ತಾರೆ. ಲೌಸಾನ್‌ನಲ್ಲಿ ಕ್ರೀಡಾ ಆಡಳಿತ ಕಲಿಸುವ ಎಐಎಸ್‌ಟಿಎಸ್ ಸಂಸ್ಥೆ ಇದೆ. ಇವುಗಳ ನಿಜವಾದ ಬೆಲೆ ಹಳೆಯ ವಿದ್ಯಾರ್ಥಿಗಳ ಬಳಗದಲ್ಲಿದೆ. ನೀವು ಅಂತರರಾಷ್ಟ್ರೀಯ ಫೆಡರೇಶನ್‌ನಲ್ಲೇ ಕೆಲಸ ಮಾಡಬೇಕು ಎಂದು ಗಟ್ಟಿಯಾಗಿ ತೀರ್ಮಾನಿಸಿದ್ದರೆ, ಅಥವಾ ಇನ್ನೂ ಎಂಬಿಎ ಸೇರಿಯೇ ಇಲ್ಲದಿದ್ದರೆ, ಇವನ್ನು ನೋಡಿ. ಎಂಬಿಎ ಮುಗಿಸಿದವರು ಇನ್ನೊಂದು ಸಾಲ ಮಾಡಿ ಮತ್ತೆ ತರಗತಿಯಲ್ಲಿ ಕೂರುವ ಮೊದಲು, ಮುಂದಿನ ಎರಡು ಹೆಜ್ಜೆಗಳನ್ನು ಆರು ತಿಂಗಳು ಪ್ರಾಮಾಣಿಕವಾಗಿ ಮಾಡಿ ನೋಡಿ ಎನ್ನುತ್ತೇನೆ.

ಐದನೆಯ ಹೆಜ್ಜೆ: ತೋರಿಸಲು ಒಂದು ಕೆಲಸ ಮಾಡಿಟ್ಟುಕೊಳ್ಳಿ

ಯಾರೂ ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು? ಈ ಪ್ರಶ್ನೆ ಎಲ್ಲರದ್ದೂ. ಈ ಕ್ಷೇತ್ರದಲ್ಲಿ ಒಂದು ಅನುಕೂಲ ಇದೆ. ನಮ್ಮ ಸರಕು ಎಲ್ಲರ ಕಣ್ಣೆದುರೇ ಇದೆ. ಪಂದ್ಯವನ್ನು ಯಾರು ಬೇಕಾದರೂ ನೋಡಬಹುದು, ಅಳೆಯಬಹುದು.

ಪ್ರಾಯೋಜಕತ್ವ ಆರಿಸಿಕೊಂಡಿದ್ದೀರಿ ಎಂದುಕೊಳ್ಳಿ. ಒಂದು ಪಂದ್ಯದ ಪೂರ್ತಿ ಪ್ರಸಾರ ನೋಡಿ, ಆಟಕ್ಕಾಗಿ ಅಲ್ಲ, ಹೆಸರುಗಳಿಗಾಗಿ. ಒಂದು ಶೀಟ್ ಮಾಡಿ. ಯಾವ ಬ್ರಾಂಡು, ಎಲ್ಲಿ, ಎಷ್ಟು ಸೆಕೆಂಡು, ಓದಲು ಆಗುವಷ್ಟು ಸ್ಪಷ್ಟವಾಗಿತ್ತೇ, ಆಗ ಆಟದಲ್ಲಿ ಏನು ನಡೆಯುತ್ತಿತ್ತು. ಗೋಲು ಬಿದ್ದ ಕ್ಷಣದಲ್ಲಿ ಕಂಡ ಹೆಸರಿಗೂ ನೀರು ಕುಡಿಯುವ ವಿರಾಮದಲ್ಲಿ ಕಂಡ ಹೆಸರಿಗೂ ವ್ಯತ್ಯಾಸ ಇದೆ. ಮೂರು ಪಂದ್ಯ ಹೀಗೆ ಮಾಡಿದರೆ ಒಂದು ವಿನ್ಯಾಸ ಕಾಣತೊಡಗುತ್ತದೆ. ಯಾರು ದುಡ್ಡು ಕೊಟ್ಟೂ ಕಾಣುತ್ತಿಲ್ಲ, ತೋಳಿನ ಮೇಲಿನ ಜಾಗ ಯಾಕೆ ಬೆಲೆಬಾಳುತ್ತದೆ, ಬಣ್ಣ ಬದಲಿಸಿದ್ದರೆ ಏನಾಗುತ್ತಿತ್ತು. ಇದನ್ನು ನಾಲ್ಕು ಪುಟಕ್ಕೆ ಇಳಿಸಿ. ಕೊನೆಯ ಪುಟದಲ್ಲಿ ಒಬ್ಬ ಪ್ರಾಯೋಜಕರಿಗೆ ಮುಂದಿನ ಸೀಸನ್‌ಗೆ ನೀವು ಕೊಡುವ ಮೂರು ಸಲಹೆ ಬರೆಯಿರಿ.

ಇಂಥ ನಾಲ್ಕು ಪುಟ ಹಿಡಿದು ಬಂದ ಒಬ್ಬ ಹುಡುಗಿಯನ್ನು ನಾನು ಮರೆಯಲಾರೆ. ಅವರ ರೆಸ್ಯೂಮೆಯಲ್ಲಿ ಕ್ರೀಡೆಯ ಒಂದು ದಿನದ ಅನುಭವವೂ ಇರಲಿಲ್ಲ. ಆದರೆ ನಮ್ಮದೇ ಪಂದ್ಯದ ಪ್ರಸಾರದಲ್ಲಿ ನಾವು ಗಮನಿಸದೇ ಹೋದದ್ದನ್ನು ಅವರು ತೋರಿಸಿದರು. ಇಂಟರ್‌ವ್ಯೂ ಅಲ್ಲಿಗೇ ನಿಂತು ಕೆಲಸದ ಮೀಟಿಂಗ್ ಆಯಿತು.

ಡೇಟಾ ಕಡೆಯವರಿಗೆ ಉಚಿತ ಸಾಮಗ್ರಿ ಧಾರಾಳವಾಗಿದೆ. ಕ್ರಿಕೆಟ್‌ನ ಚೆಂಡು ಚೆಂಡಿನ ಮಾಹಿತಿ ಕ್ರಿಕ್‌ಶೀಟ್‌ನಲ್ಲಿ, ಫುಟ್‌ಬಾಲಿನದು ಸ್ಟಾಟ್ಸ್‌ಬಾಂಬ್ ಬಿಟ್ಟಿರುವ ಮುಕ್ತ ಡೇಟಾದಲ್ಲಿ, ಬೇಸ್‌ಬಾಲಿನದು ರೆಟ್ರೋಶೀಟ್‌ನಲ್ಲಿ ಸಿಗುತ್ತದೆ. ಒಂದು ಸಣ್ಣ ಪ್ರಶ್ನೆ ತೆಗೆದುಕೊಂಡು ಪೂರ್ತಿ ಉತ್ತರ ಕೊಡಿ. ದೊಡ್ಡ ಪ್ರಶ್ನೆಗೆ ಅರ್ಧ ಉತ್ತರ ಬೇಡ. ಟಿಕೆಟ್ ಕಡೆಯವರು ಒಂದು ತಂಡದ ತವರು ಪಂದ್ಯಗಳ ಹಾಜರಾತಿ ತೆಗೆದು, ವಾರದ ಯಾವ ದಿನ, ಎದುರಾಳಿ, ಹವಾಮಾನ, ಅಂಕಪಟ್ಟಿಯಲ್ಲಿನ ಸ್ಥಾನ ಇವುಗಳ ಪಕ್ಕ ಇಟ್ಟು ನೋಡಬಹುದು.

ಆರನೆಯ ಹೆಜ್ಜೆ: ಪಂದ್ಯದ ದಿನ ಮೈದಾನದಲ್ಲಿರಿ

ಕಾಗದದ ಕೆಲಸ ಎಷ್ಟೇ ಚೆನ್ನಾಗಿದ್ದರೂ, ಪಂದ್ಯದ ದಿನ ಒಮ್ಮೆಯಾದರೂ ದುಡಿಯದವರ ಮಾತಿನಲ್ಲಿ ಏನೋ ಕೊರತೆ ಇರುತ್ತದೆ. ಅದು ಒಳಗಿನವರಿಗೆ ಬೇಗ ಗೊತ್ತಾಗುತ್ತದೆ.

ದೊಡ್ಡ ಟೂರ್ನಿಗಳು ವಾಲಂಟಿಯರ್‌ಗಳ ಮೇಲೆಯೇ ನಿಂತಿವೆ. 2012ರ ಲಂಡನ್ ಒಲಿಂಪಿಕ್ಸ್‌ಗೆ ಸುಮಾರು 70,000 ವಾಲಂಟಿಯರ್‌ಗಳಿದ್ದರು. ಆದರೆ ಒಲಿಂಪಿಕ್ಸ್‌ಗಾಗಿ ಕಾಯಬೇಕಿಲ್ಲ. ಮ್ಯಾರಥಾನ್, ಕಾಲೇಜು ಲೀಗು, ಕಿರಿಯರ ಟೂರ್ನಿ ಯಾವುದಾದರೂ ಆದೀತು. ನಿಜ ಹೇಳಬೇಕೆಂದರೆ ಚಿಕ್ಕ ಟೂರ್ನಿಯಲ್ಲಿ ಕಲಿಯುವುದೇ ಜಾಸ್ತಿ. ದೊಡ್ಡದರಲ್ಲಿ ನಿಮಗೆ ಒಂದು ಗೇಟು ಕೊಡುತ್ತಾರೆ, ಚಿಕ್ಕದರಲ್ಲಿ ಇಡೀ ಮೈದಾನ.

ಅಲ್ಲಿ ಒಂದು ವಸ್ತು ಗಮನಿಸಿ: ರನ್ ಶೀಟ್. ಗೇಟು ತೆರೆಯುವುದರಿಂದ ಹಿಡಿದು ಬಹುಮಾನ ವಿತರಣೆವರೆಗೆ ನಿಮಿಷ ನಿಮಿಷಕ್ಕೂ ಯಾರು ಎಲ್ಲಿರಬೇಕು, ಏನು ಮಾಡಬೇಕು ಎಂಬ ಪಟ್ಟಿ. ಒಂದು ಪ್ರತಿ ಕೇಳಿ ಪಡೆದು ಓದಿ. ಪಂದ್ಯ ಮುಗಿದ ರಾತ್ರಿ ಕೂತು, ಪಟ್ಟಿಯಲ್ಲಿ ಇದ್ದದ್ದಕ್ಕೂ ನಿಜವಾಗಿ ನಡೆದದ್ದಕ್ಕೂ ಇರುವ ವ್ಯತ್ಯಾಸ ಬರೆದಿಡಿ. ಮಳೆ ಬಂತು, ಆ್ಯಂಬುಲೆನ್ಸ್ ತಡವಾಯಿತು, ಅತಿಥಿಗಳು ಹೇಳಿದ್ದಕ್ಕಿಂತ ಹೆಚ್ಚು ಬಂದರು. ಇಂಟರ್‌ವ್ಯೂನಲ್ಲಿ "ಕಷ್ಟದ ಸಂದರ್ಭ ನಿಭಾಯಿಸಿದ್ದು ಹೇಳಿ" ಎಂದಾಗ ಹೀಗೆ ಬರೆದಿಟ್ಟದ್ದೇ ಕೈಹಿಡಿಯುತ್ತದೆ.

ಬೇಸ್‌ಬಾಲಿನ ಥಿಯೋ ಎಪ್‌ಸ್ಟೀನ್ ಕಾಲೇಜಿನಲ್ಲಿದ್ದಾಗ ಬಾಲ್ಟಿಮೋರ್ ಓರಿಯೋಲ್ಸ್‌ನಲ್ಲಿ ಇಂಟರ್ನ್ ಆಗಿದ್ದರು. ಆಮೇಲೆ ಸ್ಯಾನ್ ಡಿಯೇಗೊ ಪಾಡ್ರೆಸ್‌ನಲ್ಲಿ ಪ್ರಚಾರ ವಿಭಾಗದಿಂದ ಕೆಲಸ ಶುರುಮಾಡಿದರು, ಕೆಲಸದ ಜೊತೆಗೇ ಕಾನೂನು ಓದಿದರು. 2002ರಲ್ಲಿ 28ನೇ ವಯಸ್ಸಿಗೆ ಬಾಸ್ಟನ್ ರೆಡ್ ಸಾಕ್ಸ್‌ನ ಜನರಲ್ ಮ್ಯಾನೇಜರ್ ಆದರು. 2004ರಲ್ಲಿ ಆ ತಂಡ 86 ವರ್ಷಗಳ ಬಳಿಕ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲ್ ಲೀಗಿನ ಫೈನಲ್, ಗೆದ್ದಿತು. ಅಷ್ಟು ಬೇಗ ಏರುವುದು ಎಲ್ಲರಿಗೂ ಆಗುವುದಿಲ್ಲ. ಅವರು ಒಳಗೆ ಬಂದ ಬಾಗಿಲು ಮಾತ್ರ ಯಾರಿಗಾದರೂ ತೆರೆದಿರುವಂಥದ್ದು.

ಸಂಬಳವಿಲ್ಲದ ಇಂಟರ್ನ್‌ಶಿಪ್ ಬಗ್ಗೆ ಎಚ್ಚರ. ವಾರಾಂತ್ಯದ ವಾಲಂಟಿಯರ್ ಕೆಲಸ ಸರಿ. ಆದರೆ ತಿಂಗಳುಗಟ್ಟಲೆ ಪೂರ್ಣಾವಧಿ ದುಡಿಸಿಕೊಂಡು "ಅನುಭವ ಸಿಗುತ್ತದಲ್ಲ" ಎನ್ನುವವರನ್ನು ನಯವಾಗಿ ದೂರ ಇಡಿ.

ಏಳನೆಯ ಹೆಜ್ಜೆ: ಜನರನ್ನು ಮಾತಾಡಿಸಿ

ಈ ಕ್ಷೇತ್ರದಲ್ಲಿ ಬಹಳ ಕೆಲಸಗಳು ಜಾಹೀರಾತಿಗೆ ಬರುವ ಮೊದಲೇ ಬಾಯಿಂದ ಬಾಯಿಗೆ ಹೋಗಿ ತುಂಬಿಬಿಡುತ್ತವೆ. ಕ್ಲಬ್ಬುಗಳ ವೆಬ್‌ಸೈಟ್, ಲಿಂಕ್ಡ್‌ಇನ್, ಉತ್ತರ ಅಮೆರಿಕದ ಕೆಲಸಗಳಿಗೆ ಟೀಮ್‌ವರ್ಕ್ ಆನ್‌ಲೈನ್ ಎಂಬ ವೆಬ್‌ಸೈಟ್ ನೋಡುತ್ತಿರಿ. ಅದು ಸಾಲದು ಅಷ್ಟೇ.

ದೊಡ್ಡ ಹುದ್ದೆಯವರಿಗೆ ಬರೆಯಬೇಡಿ. ನಿಮಗಿಂತ ಮೂರು-ನಾಲ್ಕು ವರ್ಷ ಮುಂದೆ ಇರುವವರಿಗೆ ಬರೆಯಿರಿ. ಅವರಿಗೆ ನಿಮ್ಮ ಕಷ್ಟ ಇನ್ನೂ ನೆನಪಿರುತ್ತದೆ, ಯಾವ ವಿಭಾಗದಲ್ಲಿ ಜನ ಬೇಕಾಗಿದೆ ಎಂಬುದೂ ಗೊತ್ತಿರುತ್ತದೆ. ಸಂದೇಶ ಚಿಕ್ಕದಾಗಿರಲಿ, ಹೀಗೆ:

"ನಮಸ್ಕಾರ. ನಾನು ಈ ವರ್ಷ ಎಂಬಿಎ ಮುಗಿಸಿದ್ದೇನೆ, ಪ್ರಾಯೋಜಕತ್ವದ ಕೆಲಸ ಕಲಿಯುತ್ತಿದ್ದೇನೆ. ನಿಮ್ಮ ತಂಡದ ಕಳೆದ ಮೂರು ಪಂದ್ಯಗಳ ಪ್ರಸಾರದಲ್ಲಿ ಯಾವ ಹೆಸರು ಎಷ್ಟು ಹೊತ್ತು ಕಂಡಿತು ಎಂದು ಲೆಕ್ಕ ಹಾಕಿದೆ. ಒಂದು ವಿಷಯ ನನಗೆ ಅರ್ಥವಾಗಲಿಲ್ಲ. ಹದಿನೈದು ನಿಮಿಷ ಕೊಡುವಿರಾ? ನಾಲ್ಕು ಪುಟ ಜೊತೆಗಿದೆ."

ಇದರಲ್ಲಿ ಕೆಲಸ ಕೇಳಿಲ್ಲ ಗಮನಿಸಿ. ಮೊದಲ ಮಾತಿನಲ್ಲೇ ಕೆಲಸ ಕೇಳಿದರೆ ಅವರು "ಈಗ ಖಾಲಿ ಇಲ್ಲ" ಎಂದು ಹೇಳಿ ಮುಗಿಸುತ್ತಾರೆ. ಪ್ರಶ್ನೆ ಕೇಳಿದರೆ ಮಾತು ಬೆಳೆಯುತ್ತದೆ. ಹತ್ತು ಜನಕ್ಕೆ ಬರೆದರೆ ಇಬ್ಬರು ಉತ್ತರಿಸಬಹುದು. ಬೇಜಾರು ಮಾಡಿಕೊಳ್ಳಬೇಡಿ, ಇಬ್ಬರು ಸಾಕು. ಮಾತಾಡಿದ ಮೇಲೆ ಅವರು ಹೇಳಿದ್ದನ್ನು ಮಾಡಿ, ತಿಂಗಳ ಬಳಿಕ ಏನಾಯಿತು ಎಂದು ತಿಳಿಸಿ. ಹೀಗೆ ತಿರುಗಿ ತಿಳಿಸುವವರು ತುಂಬಾ ಕಡಿಮೆ, ಅದಕ್ಕೇ ಅವರ ಹೆಸರು ನೆನಪಿರುತ್ತದೆ.

ಎಂಟನೆಯ ಹೆಜ್ಜೆ: ಇಂಟರ್‌ವ್ಯೂ, ಆಫರ್

ರೆಸ್ಯೂಮೆ ಒಂದು ಪುಟ ಇರಲಿ. ಮೇಲುಗಡೆಯೇ ನೀವು ಆರಿಸಿದ ಕೆಲಸ, ಅದರ ಕೆಳಗೆ ಮಾಡಿ ತೋರಿಸಿದ್ದು. ನೆಚ್ಚಿನ ತಂಡದ ಬಗ್ಗೆ ಬರೆಯುವುದು ಬೇಡ. ಇಂಟರ್‌ವ್ಯೂಗೆ ಹೋಗುವ ಮೊದಲು ಆ ಸಂಸ್ಥೆಯ ಪ್ರಾಯೋಜಕರ ಪಟ್ಟಿ, ಟಿಕೆಟ್ ಬೆಲೆಯ ವಿಧಗಳು, ಕಳೆದ ಸೀಸನ್‌ನಲ್ಲಿ ಬದಲಾದದ್ದು ಇಷ್ಟು ಓದಿಕೊಳ್ಳಿ. ಆಟಗಾರರ ಜೊತೆ ಫೋಟೋ ತೆಗೆಸಿಕೊಳ್ಳುವ ಆಸೆ ಮುಖದಲ್ಲಿ ಕಂಡರೆ ಕೆಲಸ ಕೊಡಲು ಹಿಂಜರಿಯುತ್ತಾರೆ. ಡ್ರೆಸ್ಸಿಂಗ್ ರೂಮಿನ ಹತ್ತಿರ ಓಡಾಡುವವರು ಅಭಿಮಾನಿಯ ಹಾಗೆ ಇರಬಾರದು ಎಂಬುದು ಇಲ್ಲಿನ ಗಟ್ಟಿ ನಿಯಮ.

ಸಂಬಳ ನಿಮ್ಮ ಸಹಪಾಠಿಗಳದ್ದಕ್ಕಿಂತ ಕಡಿಮೆ ಇರುತ್ತದೆ. ಕನ್ಸಲ್ಟಿಂಗ್, ಬ್ಯಾಂಕಿಂಗ್‌ಗೆ ಹೋದವರ ಜೊತೆ ಹೋಲಿಸಿದರೆ ವ್ಯತ್ಯಾಸ ದೊಡ್ಡದೇ. ಬರಲು ಹಾತೊರೆಯುವವರು ಜಾಸ್ತಿ, ಕುರ್ಚಿ ಕಡಿಮೆ, ಅದೇ ಕಾರಣ. ಎಜುಕೇಶನ್ ಲೋನ್ ಇದ್ದರೆ ಕಂತಿನ ಲೆಕ್ಕ ಹಾಕಿಯೇ ಒಪ್ಪಿಕೊಳ್ಳಿ. ಮೊದಲು ಬೇರೆ ಉದ್ಯಮದಲ್ಲಿ ಎರಡು-ಮೂರು ವರ್ಷ ದುಡಿದು ಸಾಲ ತೀರಿಸಿ ಬರುವುದರಲ್ಲಿ ತಪ್ಪೇನಿಲ್ಲ. ಮ್ಯಾಂಚೆಸ್ಟರ್ ಸಿಟಿಗೆ 2012ರಲ್ಲಿ ಸಿಇಒ ಆಗಿ ಬಂದ ಫೆರಾನ್ ಸೊರಿಯಾನೊ ಎಂಬಿಎ ಮಾಡಿ, ಕನ್ಸಲ್ಟಿಂಗ್‌ನಲ್ಲಿ ವರ್ಷಗಟ್ಟಲೆ ಇದ್ದು, ಆಮೇಲೆ 2003ರಲ್ಲಿ ಬಾರ್ಸಿಲೋನಾ ಕ್ಲಬ್ಬಿನ ಆಡಳಿತಕ್ಕೆ ಬಂದವರು.

ಆಫರ್ ಪತ್ರದಲ್ಲಿ ಮೂರು ವಿಷಯ ಕೇಳಿ ತಿಳಿಯಿರಿ. ಕೆಲಸ ವರ್ಷಪೂರ್ತಿಯದೋ ಸೀಸನ್‌ಗೆ ಮಾತ್ರವೋ. ಪಂದ್ಯದ ವಾರಾಂತ್ಯಗಳಿಗೆ ಬದಲಿ ರಜೆ ಇದೆಯೋ. ತಂಡ ಕೆಳ ದರ್ಜೆಗೆ ಇಳಿದರೆ, ಮಾಲೀಕರು ಬದಲಾದರೆ ನಿಮ್ಮ ಒಪ್ಪಂದ ಏನಾಗುತ್ತದೆ. ಇದೆಲ್ಲ ಕೇಳಿದರೆ ಅವರು ಬೇಸರ ಮಾಡಿಕೊಳ್ಳುವುದಿಲ್ಲ.

ಬೆಟ್ಟಿಂಗ್ ನಿಯಮವನ್ನು ಅಕ್ಷರ ಬಿಡದೆ ಓದಿ. ಬಹುತೇಕ ವೃತ್ತಿಪರ ಲೀಗುಗಳಲ್ಲಿ ಆಟಗಾರರಿಗಷ್ಟೇ ಅಲ್ಲ, ಸಿಬ್ಬಂದಿಗೂ ಆ ಆಟದ ಮೇಲೆ ಬಾಜಿ ಕಟ್ಟಲು ನಿಷೇಧ ಇರುತ್ತದೆ. ಒಳಗಿನ ಸುದ್ದಿ ಹೊರಗೆ ಹೇಳುವುದೂ ನಿಯಮದ ಉಲ್ಲಂಘನೆ. "ನಾಳೆ ನಾಯಕ ಆಡ್ತಾನಾ?" ಎಂದು ಮನೆಯವರೇ ಕೇಳುತ್ತಾರೆ, ಸುಮ್ನೆ ಕುತೂಹಲಕ್ಕೆ. ಆ ಉತ್ತರಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇದೆ. ಹೇಳಬೇಡಿ.

ಮೊದಲ ಸೀಸನ್ ಮುಗಿಯುವ ಹೊತ್ತಿಗೆ

ಮೊದಲ ತಿಂಗಳುಗಳಲ್ಲಿ ನಿಮ್ಮ ಪಾಲಿಗೆ ಬರುವುದು ಟಿಕೆಟ್ ಲಕೋಟೆ ಹಂಚುವುದು, ಪಾರ್ಕಿಂಗ್ ಪಾಸ್ ಲೆಕ್ಕ, ಆಟಗಾರರ ಸಹಿ ಹಾಕಿಸಿದ ಬ್ಯಾಟು ಚೆಂಡುಗಳನ್ನು ಸರಿಯಾದ ವಿಳಾಸಕ್ಕೆ ಕಳಿಸುವುದು. ಎಂಬಿಎ ಓದಿ ಇದಾ ಎಂದು ಅನ್ನಿಸಬಹುದು. ಈ ಸಣ್ಣ ಕೆಲಸಗಳಲ್ಲೇ ಯಾರು ಯಾರಿಗೆ ಮುಖ್ಯ, ಯಾವ ಪ್ರಾಯೋಜಕರು ಯಾವುದಕ್ಕೆ ಸಂತೋಷಪಡುತ್ತಾರೆ ಎಂಬುದು ಗೊತ್ತಾಗುವುದು. ಯಾವ ಫೈಲಿನಲ್ಲೂ ಅದು ಬರೆದಿರುವುದಿಲ್ಲ.

ಹಾಗೆ ಗೊತ್ತಾದದ್ದನ್ನೆಲ್ಲ ಬರೆದಿಡಿ. ಸೀಸನ್ ಮುಗಿದ ಕೂಡಲೇ ಪ್ರತಿಯೊಬ್ಬ ಪ್ರಾಯೋಜಕರಿಗೂ ಒಂದು ವರದಿ ಹೋಗಬೇಕು: ಒಪ್ಪಂದದಲ್ಲಿ ಹೇಳಿದ್ದೇನು, ಕೊಟ್ಟದ್ದೇನು, ಫೋಟೋ, ಅಂಕಿ, ಬಾಕಿ. ಎಲ್ಲರೂ ದಣಿದು ರಜೆಗೆ ಕಾಯುತ್ತಿರುವಾಗ ಈ ವರದಿ ಬರೆಯಲು ಯಾರೂ ಮುಂದೆ ಬರುವುದಿಲ್ಲ. ನೀವು ಕೈಎತ್ತಿ. ಮುಂದಿನ ಸೀಸನ್‌ನ ಒಪ್ಪಂದ ನವೀಕರಣದ ಮಾತುಕತೆ ಆ ವರದಿಯನ್ನು ಮೇಜಿನ ಮೇಲಿಟ್ಟುಕೊಂಡೇ ನಡೆಯುತ್ತದೆ. ಬರೆದವರು ಆ ಕೋಣೆಯಲ್ಲಿ ಇರಬೇಕಾಗುತ್ತದೆ.